ಪದದ ಮೂಲ ಹುಡುಕುವುದನ್ನು ಮಕ್ಕಳಿಗೆ ಕಲಿಸುವ ಕ್ರಮ: ಕನ್ನಡ ಶಿಕ್ಷಕರಿಗೆ ಸಮಗ್ರ ಮಾರ್ಗದರ್ಶಿ

ಒಂಬತ್ತನೇ ತರಗತಿಗೆ ‘ಐದು ಪದಗಳ ಮೂಲವನ್ನು ಅಂತರ್ಜಾಲದಲ್ಲಿ ಹುಡುಕಿ ಬರೆಯಿರಿ’ ಎಂದು ಕೆಲಸ ಕೊಟ್ಟರೆ ಏನು ಬರುತ್ತದೆ ಎಂಬುದು ಕನ್ನಡ ಶಿಕ್ಷಕರಿಗೆಲ್ಲ ಗೊತ್ತು. ಅರ್ಧ ತರಗತಿ ಬೆಂದಕಾಳೂರಿನ ಕಥೆ ಬರೆದಿರುತ್ತದೆ. ಉಳಿದವರು ‘ಈ ಪದ ಸಂಸ್ಕೃತದಿಂದ ಬಂದಿದೆ’ ಅಥವಾ ‘ತಮಿಳಿನಿಂದ ಬಂದಿದೆ’ ಎಂದು ಒಂದೇ ಸಾಲಿನಲ್ಲಿ ಮುಗಿಸಿರುತ್ತಾರೆ. ಎಲ್ಲಿ ಸಿಕ್ಕಿತು ಎಂದು ಕೇಳಿದರೆ ‘ಗೂಗಲ್‌ನಲ್ಲಿ ಇತ್ತು’ ಎನ್ನುತ್ತಾರೆ.

ನನ್ನ ತರಗತಿಯಲ್ಲೂ ಹಲವು ವರ್ಷ ಹೀಗೇ ಆಯಿತು. ಮಕ್ಕಳ ಪುಸ್ತಕಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡಿದಾಗ ತಪ್ಪು ಎಲ್ಲಿದೆ ಎಂದು ಹೊಳೆಯಿತು. ನಾನು ಕೆಲಸ ಕೊಟ್ಟಿದ್ದೆ, ಕ್ರಮ ಹೇಳಿಕೊಟ್ಟಿರಲಿಲ್ಲ. ಕೊನೆಗೆ ಮಾಡಬೇಕಾದ್ದನ್ನು ಅವರು ಮೊದಲೇ ಮಾಡುತ್ತಿದ್ದರು. ಹುಡುಕಾಟದ ಪೆಟ್ಟಿಗೆಗೆ ಪದ ಹಾಕುವುದು ಈ ಕೆಲಸದಲ್ಲಿ ಏಳನೆಯ ಹಂತ. ಅದಕ್ಕೂ ಮೊದಲಿನ ಆರು ಹಂತಗಳನ್ನು ಮುಗಿಸದೆ ಅಲ್ಲಿಗೆ ಹೋದರೆ ಸಿಕ್ಕಿದ್ದನ್ನು ನಂಬುವುದು ಬಿಟ್ಟು ಮಗುವಿಗೆ ಬೇರೆ ದಾರಿ ಇರುವುದಿಲ್ಲ.

## ಮೊದಲು ಸಿದ್ಧ ಮಾಡಿಕೊಳ್ಳಬೇಕಾದದ್ದು

ನಾಲ್ಕು ಪಿರಿಯಡ್ ಬೇಕು. ನಾಲ್ಕೈದು ಮಕ್ಕಳಿಗೆ ಒಂದು ಕಂಪ್ಯೂಟರ್ ಅಥವಾ ಮೊಬೈಲ್ ಇದ್ದರೆ ಸಾಕು. ಯೂನಿಕೋಡ್‌ನಲ್ಲಿ ಕನ್ನಡ ಟೈಪ್ ಮಾಡುವ ಕೀಲಿಮಣೆ ಇರಲೇಬೇಕು. ನುಡಿಯ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಪದವನ್ನು ಅಂಟಿಸಿದರೆ ಯಾವ ನಿಘಂಟೂ ಉತ್ತರ ಕೊಡುವುದಿಲ್ಲ. ಆಗ ಮಕ್ಕಳು ‘ಈ ಪದ ನಿಘಂಟಿನಲ್ಲಿ ಇಲ್ಲ’ ಎಂದು ಬರೆದು ಬಿಡುತ್ತಾರೆ.

ಈ ತಾಣಗಳನ್ನು ನೀವು ಮೊದಲೇ ತೆರೆದು ಬಳಸಿ ನೋಡಿರಬೇಕು: ಅರ್ಥಕ್ಕೆ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು, 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚು ಹಾಕಿದ ಕಿಟೆಲ್ ಅವರ ನಿಘಂಟು, ಇದು ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಟಚಿತ್ರಗಳಾಗಿ ಸಿಗುತ್ತದೆ, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’, ಶಿಕಾಗೊ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ನಿಘಂಟುಗಳ ತಾಣ. ಈ ಕೊನೆಯದರಲ್ಲಿ ಬರೋ ಮತ್ತು ಎಮೆನೊ ಅವರ ದ್ರಾವಿಡ ಪದಮೂಲ ಕೋಶ, ಮೋಲ್ಸ್‌ವರ್ತ್ ಅವರ ಮರಾಠಿ ನಿಘಂಟು, ಪ್ಲಾಟ್ಸ್ ಅವರ ಉರ್ದು ನಿಘಂಟು ಎಲ್ಲವೂ ಒಂದೇ ಕಡೆ ಇವೆ. ಸಂಸ್ಕೃತಕ್ಕೆ ಜರ್ಮನಿಯ ಕೊಲೋನ್ ವಿಶ್ವವಿದ್ಯಾಲಯದ ತಾಣದಲ್ಲಿ ಮೋನಿಯರ್ ವಿಲಿಯಮ್ಸ್ ನಿಘಂಟು ಇದೆ.

ಇವುಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿವೆ. ಕನ್ನಡ ಮಾಧ್ಯಮದ ಮಕ್ಕಳು ಮೊದಲ ನೋಟಕ್ಕೇ ಹೆದರುತ್ತಾರೆ. ಅದಕ್ಕಾಗಿ ಸಂಕ್ಷೇಪಾಕ್ಷರಗಳ ಒಂದು ಹಾಳೆಯನ್ನು ಕನ್ನಡದಲ್ಲಿ ಮಾಡಿ ಪ್ರತಿ ಗುಂಪಿಗೂ ಕೊಡಿ. ಅದರಲ್ಲಿ ಏನಿರಬೇಕು ಎಂದು ಮುಂದೆ ಹೇಳಿದ್ದೇನೆ.

## ಹಂತ 1: ಪದವನ್ನು ನೀವೇ ಆರಿಸಿ ಕೊಡಿ

‘ನಿಮಗಿಷ್ಟವಾದ ಪದ’ ಎಂದರೆ ಮಕ್ಕಳು ತಮ್ಮ ಹೆಸರನ್ನೋ ಊರಿನ ಹೆಸರನ್ನೋ ತರುತ್ತಾರೆ. ಊರಿನ ಹೆಸರುಗಳು ಎಲ್ಲಕ್ಕಿಂತ ಕಷ್ಟ. ಅವುಗಳ ಸುತ್ತ ಕಥೆ ಹೆಚ್ಚು, ಆಧಾರ ಕಡಿಮೆ. ಅವನ್ನು ಮೊದಲ ಸಲಕ್ಕೆ ಕೊಡಬೇಡಿ.

ಪ್ರತಿ ಗುಂಪಿಗೆ ಮೂರು ಬಗೆಯ ಪದಗಳು ಸಿಗಲಿ: ಹಾಲು, ಹುಲಿ, ಹಲ್ಲು, ಏಳು ಇಂಥವುಗಳಿಂದ ಒಂದು, ಜಾತ್ರೆ, ಸಂಜೆ, ಬಣ್ಣ, ಅಚ್ಚರಿ ಇಂಥವುಗಳಿಂದ ಒಂದು, ಅರ್ಜಿ, ಜಿಲ್ಲೆ, ಚಾವಿ, ಅನಾನಸು ಇಂಥವುಗಳಿಂದ ಒಂದು. ಯಾವುದು ಯಾವ ಬಗೆ ಎಂದು ಮಾತ್ರ ಹೇಳಬೇಡಿ. ಹೇಳಿದರೆ ಕೆಲಸವೇ ಉಳಿಯುವುದಿಲ್ಲ.

## ಹಂತ 2: ಸಾಧನ ಮುಟ್ಟುವ ಮೊದಲು ಕಾಗದದ ಮೇಲೆ ಪದ ಬಿಡಿಸುವುದು

ಮೊದಲ ಪಿರಿಯಡ್ ಪೂರ್ತಿ ಕಂಪ್ಯೂಟರ್ ಮುಚ್ಚಿರಲಿ. ಮಕ್ಕಳು ಪದವನ್ನು ಬರೆದು, ವಿಭಕ್ತಿ ಮತ್ತು ಬಹುವಚನದ ಪ್ರತ್ಯಯಗಳನ್ನು ತೆಗೆದು, ನಿಘಂಟಿನಲ್ಲಿ ಇರುವ ರೂಪಕ್ಕೆ ತರಬೇಕು. ‘ಹಲ್ಲಿನಿಂದ’ ಎಂದು ಹುಡುಕಿ ಏನೂ ಸಿಗದೆ ಸೋತ ಮಕ್ಕಳನ್ನು ನೋಡಿದ್ದೇನೆ.

ಪದ ಸಮಾಸವಾಗಿದ್ದರೆ ಒಡೆಯಬೇಕು. ಆಲೂಗಡ್ಡೆಯಲ್ಲಿ ಎರಡು ಭಾಗಗಳಿವೆ, ಎರಡಕ್ಕೂ ಬೇರೆ ಬೇರೆ ಮೂಲ. ತಹಶೀಲ್ದಾರ್ ಎಂಬುದರಲ್ಲಿ ‘ತಹಶೀಲ್’ ಅರಬ್ಬಿ, ‘ದಾರ್’ ಪಾರಸಿ. ಒಡೆಯದೆ ಹುಡುಕಿದರೆ ಅರ್ಧ ಉತ್ತರ ಮಾತ್ರ ಸಿಗುತ್ತದೆ.

ಆಮೇಲೆ ಪ್ರತಿಯೊಬ್ಬರೂ ತಮ್ಮ ಊಹೆಯನ್ನು ಒಂದು ಸಾಲಿನಲ್ಲಿ ಬರೆಯಲಿ. ಇದನ್ನು ಬಿಡಬೇಡಿ. ಊಹೆ ಬರೆದಿಟ್ಟ ಮಗು ತನ್ನ ಊಹೆ ಸರಿಯೇ ಎಂದು ಹುಡುಕುತ್ತದೆ, ಬರೆಯದ ಮಗು ನಕಲು ಮಾಡುತ್ತದೆ. ಮನೆಯಲ್ಲಿ ಕೊಂಕಣಿ, ತುಳು, ಉರ್ದು, ತೆಲುಗು, ಮರಾಠಿ ಆಡುವ ಮಕ್ಕಳಿದ್ದರೆ ಆ ಪದಕ್ಕೆ ತಮ್ಮ ಮನೆಯಲ್ಲಿ ಏನೆನ್ನುತ್ತಾರೆ ಎಂದು ಬರೆಯಲು ಹೇಳಿ. ತರಗತಿಯಲ್ಲಿ ಸುಮ್ಮನೆ ಕೂರುವ ಎಷ್ಟೋ ಮಕ್ಕಳು ಆ ದಿನ ಎಲ್ಲರಿಗಿಂತ ಹೆಚ್ಚು ಮಾತನಾಡುತ್ತಾರೆ.

## ಹಂತ 3: ಕನ್ನಡದ ನಿಘಂಟಿನಲ್ಲೇ ಮೊದಲು ನೋಡುವುದು

ಮೊದಲು ಅಲರ್‌ನಲ್ಲಿ ಎಲ್ಲ ಅರ್ಥಗಳನ್ನೂ ಓದಬೇಕು. ಮೂಲ ಹಿಡಿಯಲು ನೆರವಾಗುವ ಅರ್ಥ ಎಷ್ಟೋ ಸಲ ಮೂರನೆಯದೋ ನಾಲ್ಕನೆಯದೋ ಆಗಿರುತ್ತದೆ. ಆಮೇಲೆ ಕಿಟೆಲ್. ಸುಮಾರು 70,000 ಪದಗಳಿರುವ ಈ ನಿಘಂಟಿನ ಪುಟಚಿತ್ರಗಳಲ್ಲಿ ಯಂತ್ರದ ಹುಡುಕಾಟ ಕನ್ನಡ ಅಕ್ಷರಗಳನ್ನು ಸರಿಯಾಗಿ ಹಿಡಿಯುವುದಿಲ್ಲ. ಅಕಾರಾದಿ ಕ್ರಮದಲ್ಲಿ ಪುಟ ತಿರುವಿಯೇ ಹೋಗಬೇಕು. ಇದು ಮಕ್ಕಳಿಗೆ ಬರುತ್ತದೆ ಎಂದುಕೊಳ್ಳಬೇಡಿ. ಹತ್ತು ನಿಮಿಷ ಅಕಾರಾದಿಯ ಅಭ್ಯಾಸ ಮಾಡಿಸಿ. ಅನುಸ್ವಾರವಿರುವ ಪದ ಒಂದು ಕಡೆ ಸಿಗದಿದ್ದರೆ ಅನುನಾಸಿಕದ ಜಾಗದಲ್ಲೂ ನೋಡಲು ಹೇಳಿ.

ಕಿಟೆಲ್ ಪ್ರತಿ ಪದದ ಪಕ್ಕದಲ್ಲಿ ಗುರುತುಗಳನ್ನು ಹಾಕಿದ್ದಾರೆ. ನಿಮ್ಮ ಹಾಳೆಯಲ್ಲಿ ಇವಿಷ್ಟು ಇರಲಿ: ‘ಟಿ-ಬಿ-ಎಚ್’ ಎಂದಿದ್ದರೆ ತದ್ಭವ, ಪಕ್ಕದಲ್ಲೇ ಅದರ ಸಂಸ್ಕೃತ ರೂಪ ಇರುತ್ತದೆ. ‘ಟಿ’ ಎಂದರೆ ತಮಿಳು, ‘ಎಂ’ ಎಂದರೆ ಮಲಯಾಳ, ‘ಟಿ-ಇ’ ಎಂದರೆ ತೆಲುಗು, ‘ಎಚ್’ ಎಂದರೆ ಹಿಂದೂಸ್ತಾನಿ, ‘ಎಂ-ಎಚ್-ಆರ್’ ಎಂದರೆ ಮರಾಠಿ. ಈ ಆರು ಗುರುತು ಗೊತ್ತಿದ್ದರೆ ಯಾವ ಕಡೆ ಹೋಗಬೇಕು ಎಂಬುದು ಸಾಮಾನ್ಯವಾಗಿ ಇಲ್ಲೇ ತಿಳಿಯುತ್ತದೆ.

ಹತ್ತಿರದ ಗ್ರಂಥಾಲಯದಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಇದ್ದರೆ ಆ ಪುಟದ ಚಿತ್ರ ತೆಗೆದು ತನ್ನಿ. ಪದ ಯಾವ ಕಾವ್ಯದಲ್ಲಿ, ಯಾವ ಶಾಸನದಲ್ಲಿ ಬಂದಿದೆ ಎಂಬ ಪ್ರಯೋಗಗಳು ಅದರಲ್ಲಿವೆ.

## ಹಂತ 4: ಹಳೆಯ ರೂಪ ಹಿಡಿಯುವುದು

ಇಲ್ಲಿ ಎಡವಿದರೆ ಮುಂದಿನದೆಲ್ಲ ಎಡವುತ್ತದೆ. ಹೊಸಗನ್ನಡದ ರೂಪವನ್ನೇ ಹಿಡಿದು ಬೇರೆ ಭಾಷೆಗಳಲ್ಲಿ ಹುಡುಕಿದರೆ ನೆಂಟರು ಸಿಗುವುದಿಲ್ಲ. ‘ಹಾಲು’ ಎಂಬುದಕ್ಕೆ ಹೋಲುವ ಪದ ತಮಿಳಿನಲ್ಲಿ ಎಲ್ಲಿದೆ? ‘ಪಾಲ್’ ಎಂಬ ಹಳಗನ್ನಡದ ರೂಪಕ್ಕೆ ಹೋದ ಕೂಡಲೇ ತಮಿಳಿನ ‘ಪಾಲ್’, ತೆಲುಗಿನ ‘ಪಾಲು’ ಕಣ್ಣೆದುರು ಬರುತ್ತವೆ.

ಈ ನಿಯಮವನ್ನು ನೀವು ಹೇಳಬೇಡಿ, ಮಕ್ಕಳೇ ಕಾಣಲಿ. ಕಪ್ಪುಹಲಗೆಯ ಮೇಲೆ ಒಂದರ ಕೆಳಗೊಂದು ಬರೆಯಿರಿ: ಹಾಲು, ಹುಲಿ, ಹಲ್ಲು, ಹತ್ತು, ಹಂದಿ. ಎದುರಿಗೆ ತಮಿಳಿನ ಪಾಲ್, ಪುಲಿ, ಪಲ್, ಪತ್ತು, ಪನ್ಱಿ. ಮೂರನೆಯ ಸಾಲು ಬರೆಯುವ ಹೊತ್ತಿಗೆ ಹಿಂದಿನ ಬೆಂಚಿನಿಂದಲೇ ಕೂಗು ಬರುತ್ತದೆ. ಪದದ ಮೊದಲಿನ ಪಕಾರ ಕನ್ನಡದಲ್ಲಿ ಹಕಾರವಾಗಿದೆ ಎಂಬುದನ್ನು ತಾವೇ ಕಂಡ ಮಕ್ಕಳು ಅದನ್ನು ಮರೆಯುವುದಿಲ್ಲ.

ಕೂಡಲೇ ಇನ್ನೊಂದು ಜೋಡಿ ತೋರಿಸಿ: ಪುಸ್ತಕ ಮತ್ತು ಹೊತ್ತಗೆ. ಎರಡರ ಮೂಲವೂ ಒಂದೇ ಸಂಸ್ಕೃತ ಪದ. ಮೊದಲೇ ಬಂದು ‘ಪೊತ್ತಗೆ’ಯಾಗಿ ಬೆರೆತದ್ದು ಮನೆಯ ಪದಗಳ ಜೊತೆ ಹಕಾರಕ್ಕೆ ತಿರುಗಿತು. ಸಂಸ್ಕೃತದ ರೂಪದಲ್ಲೇ ಬಳಕೆಗೆ ಬಂದದ್ದು ಪಕಾರವನ್ನೇ ಉಳಿಸಿಕೊಂಡಿತು. ಧ್ವನಿಯ ನಿಯಮವೊಂದು ಕಾಲದ ಸುಳಿವನ್ನೂ ಕೊಡುತ್ತದೆ ಎಂಬುದು ಇದರಿಂದ ಅರ್ಥವಾಗುತ್ತದೆ.

ಇನ್ನೆರಡು ಅಕ್ಷರಗಳ ಪರಿಚಯ ಬೇಕು: ೞ ಮತ್ತು ಱ. ‘ಏಳು’ ಎಂಬ ಸಂಖ್ಯೆ ಹಳಗನ್ನಡದಲ್ಲಿ ‘ಏೞು’, ‘ಕಿರಿ’ ಎಂಬುದು ‘ಕಿಱಿ’. ಈ ಅಕ್ಷರಗಳನ್ನು ಎಲ್ಲ ಕೀಲಿಮಣೆಗಳಲ್ಲೂ ಟೈಪ್ ಮಾಡಲಾಗುವುದಿಲ್ಲ. ಒಂದು ಕಡತದಲ್ಲಿ ಇಟ್ಟುಕೊಂಡು ನಕಲಿಸಿ ಅಂಟಿಸಿದರೆ ಸಾಕು.

## ಹಂತ 5: ಯಾವ ಬಾಗಿಲು ತಟ್ಟಬೇಕು

ದ್ರಾವಿಡ ಪದಮೂಲ ಕೋಶ. ದೇಸಿ ಪದ ಎಂಬ ಸುಳಿವಿದ್ದರೆ ಇಲ್ಲಿಗೆ. ಪದಗಳು ರೋಮನ್ ಲಿಪಿಯಲ್ಲಿವೆ. ಹಳೆಯ ರೂಪವನ್ನೇ ಟೈಪ್ ಮಾಡಬೇಕು. ಭಾಷೆಗಳ ಹೆಸರು ಎರಡು ಮೂರು ಅಕ್ಷರಗಳಲ್ಲಿ ಇರುತ್ತದೆ. ‘ಕೆ-ಎ’ ಎಂಬುದೇ ಕನ್ನಡ. ‘ಕೆ-ಒ’ ಎಂಬುದನ್ನು ಮಕ್ಕಳು ಕೊಡವ ಅಥವಾ ಕೊಂಕಣಿ ಎಂದು ಓದುತ್ತಾರೆ. ಅದು ನೀಲಗಿರಿಯ ಕೋತ ಭಾಷೆ. ಕೊಡವಕ್ಕೆ ಮೂರಕ್ಷರದ ಗುರುತು ಬೇರೆ ಇದೆ. ಕೊಂಕಣಿ ದ್ರಾವಿಡ ಭಾಷೆಯಲ್ಲದ್ದರಿಂದ ಆ ಸಾಲಿನಲ್ಲಿ ಬರುವುದೇ ಇಲ್ಲ.

ನಾನು ಕಂಡ ತಪ್ಪುಗಳಲ್ಲಿ ಅತಿ ದೊಡ್ಡದು ಇಲ್ಲೇ ಆಗುತ್ತದೆ. ಕೋಶದ ಪ್ರತಿ ನಮೂದಿನಲ್ಲೂ ತಮಿಳು ಪದವಿದ್ದರೆ ಅದೇ ಮೊದಲು ಬರುತ್ತದೆ. ಮಕ್ಕಳು, ಎಷ್ಟೋ ಸಲ ದೊಡ್ಡವರೂ, ‘ಕನ್ನಡದ ಪದ ತಮಿಳಿನಿಂದ ಬಂದಿದೆ’ ಎಂದು ಇದರಿಂದ ತೀರ್ಮಾನಿಸುತ್ತಾರೆ. ಅದು ಭಾಷೆಗಳನ್ನು ದಕ್ಷಿಣದಿಂದ ಉತ್ತರಕ್ಕೆ ಜೋಡಿಸಿದ ಕ್ರಮ ಅಷ್ಟೆ. ಒಂದೇ ನಮೂದಿನಲ್ಲಿರುವ ಪದಗಳು ಅಕ್ಕತಂಗಿಯರು. ಅವರ ತಾಯಿ ಬರಹವೇ ಉಳಿಯದ ಮೂಲ ದ್ರಾವಿಡ. ‘ತಮಿಳಿನ ಪಾಲ್, ತೆಲುಗಿನ ಪಾಲು ಇದರ ಸೋದರಿ ಪದಗಳು’ ಎಂದು ಬರೆಯಿಸಿ. ‘ನಿಂದ ಬಂದಿದೆ’ ಎಂಬ ಮಾತನ್ನು ಎರವಲು ಪದಗಳಿಗೆ ಮಾತ್ರ ಮೀಸಲಿಡಿ.

ಸಂಸ್ಕೃತದ ಬಾಗಿಲು. ತದ್ಭವವೆಂಬ ಸುಳಿವಿದ್ದರೆ ಸಂಸ್ಕೃತ ರೂಪ ಹುಡುಕಿ, ಧ್ವನಿ ಹೇಗೆ ಬದಲಾಯಿತು ಎಂದು ಇನ್ನೆರಡು ಪದಗಳಿಂದ ತೋರಿಸಬೇಕು. ಜಾತ್ರೆಗೆ ಮೂಲ ‘ಯಾತ್ರಾ’ ಎಂದರೆ ಸಾಲದು. ಯೌವನ ಜವ್ವನವಾಗಿದೆ, ಯಮ ಜವನಾಗಿದ್ದಾನೆ, ಹಾಗೆಯೇ ಯಾತ್ರೆ ಜಾತ್ರೆಯಾಗಿದೆ ಎನ್ನಬೇಕು. ಕೇಶಿರಾಜ 13ನೇ ಶತಮಾನದಲ್ಲೇ ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣದಲ್ಲಿ ಈ ಕೆಲಸ ಮಾಡಿದ್ದಾನೆ.

ಒಂದು ಎಚ್ಚರಿಕೆ. ಸಂಸ್ಕೃತ ನಿಘಂಟಿನಲ್ಲಿ ಪದ ಇದೆ ಎಂದ ಮಾತ್ರಕ್ಕೆ ಅದು ಅಲ್ಲಿ ಹುಟ್ಟಿದ್ದು ಎಂದಾಗುವುದಿಲ್ಲ. ‘ನೀರ’ ಸಂಸ್ಕೃತದಲ್ಲಿದೆ. ಆದರೆ ನೀರು ದ್ರಾವಿಡ ಭಾಷೆಗಳಲ್ಲಿ ಹರಡಿರುವ ರೀತಿ ನೋಡಿ, ಸಂಸ್ಕೃತವೇ ಅದನ್ನು ದ್ರಾವಿಡದಿಂದ ಪಡೆದಿದೆ ಎಂದು ಹಲವು ವಿದ್ವಾಂಸರು ಹೇಳುತ್ತಾರೆ.

ಪಾರಸಿ, ಅರಬ್ಬಿ, ಪೋರ್ಚುಗೀಸ್. ಕಚೇರಿ, ಕಂದಾಯ, ನ್ಯಾಯಾಲಯದ ಪದಗಳಾದರೆ ಮೋಲ್ಸ್‌ವರ್ತ್ ಮತ್ತು ಪ್ಲಾಟ್ಸ್. ಎರಡರಲ್ಲೂ ‘ಎ’ ಎಂದರೆ ಅರಬ್ಬಿ, ‘ಪಿ’ ಎಂದರೆ ಪಾರಸಿ. ಚಾವಿ, ಅನಾನಸು, ಬಟಾಟೆ, ಪಗಾರ ಇಂಥ ಪದಗಳು ಪೋರ್ಚುಗೀಸರಿಂದ ಬಂದವು. ಗೋವಾದ ದಾಲ್ಗಾದೊ ಅವರು ಏಷ್ಯಾದ ಭಾಷೆಗಳಲ್ಲಿರುವ ಪೋರ್ಚುಗೀಸ್ ಪದಗಳ ಬಗ್ಗೆ 1913ರಲ್ಲೇ ಪುಸ್ತಕ ಬರೆದಿದ್ದಾರೆ.

### ಒಂದು ಪದವನ್ನು ಪೂರ್ತಿ ಮಾಡಿ ತೋರಿಸಿ: ರಜೆ

ಮಕ್ಕಳು ತಾವೇ ಹೊರಡುವ ಮೊದಲು ಒಂದು ಪದವನ್ನು ಎಲ್ಲರೆದುರು ಮಾಡಿ ತೋರಿಸಬೇಕು. ನಾನು ಯಾವಾಗಲೂ ‘ರಜೆ’ಯನ್ನೇ ಆರಿಸುತ್ತೇನೆ.

ಒಮ್ಮೆ ಒಬ್ಬ ಹುಡುಗಿ ಸಂಸ್ಕೃತ ನಿಘಂಟಿನಲ್ಲಿ ‘ರಜಸ್’ ಕಂಡು, ಧೂಳು ಎಂಬ ಅರ್ಥ ಓದಿ, ‘ರಜೆಯಲ್ಲಿ ಮಕ್ಕಳು ಧೂಳಿನಲ್ಲಿ ಆಡುವುದರಿಂದ ಈ ಹೆಸರು’ ಎಂದು ಬರೆದಳು. ಅವಳು ಶ್ರದ್ಧೆಯಿಂದಲೇ ಹುಡುಕಿದ್ದಳು. ಮೊದಲು ಸಿಕ್ಕಿದ ಬಾಗಿಲಲ್ಲೇ ನಿಂತದ್ದು ಮಾತ್ರ ತಪ್ಪು.

ಕ್ರಮದಂತೆ ಹೋದರೆ ಹೀಗಾಗುತ್ತದೆ. ದ್ರಾವಿಡ ಕೋಶದಲ್ಲಿ ಪದ ಇಲ್ಲ. ಅದೂ ಒಂದು ಸುಳಿವೇ, ಪುಸ್ತಕದಲ್ಲಿ ಬರೆಯಿಸಿ. ಮೋಲ್ಸ್‌ವರ್ತ್‌ನಲ್ಲಿ ಮರಾಠಿ ‘ರಜಾ’ ಇದೆ: ಅಪ್ಪಣೆ, ಕೆಲಸಕ್ಕೆ ಬಾರದಿರಲು ಪಡೆದ ಅನುಮತಿ. ಪಕ್ಕದಲ್ಲಿ ಅರಬ್ಬಿಯ ಗುರುತು. ಪ್ಲಾಟ್ಸ್‌ನಲ್ಲಿ ‘ರಿಜಾ’: ಸಂತೋಷ, ಸಮ್ಮತಿ, ಅನುಮತಿ. ಈಗ ಅರ್ಥದ ದಾರಿ ಕಾಣುತ್ತದೆ. ಮನಸ್ಸಿನ ತೃಪ್ತಿ ಸಮ್ಮತಿಯಾಯಿತು, ಸಮ್ಮತಿ ಅಪ್ಪಣೆಯಾಯಿತು, ಹೋಗಲು ಕೊಟ್ಟ ಅಪ್ಪಣೆ ಬಿಡುವಾಯಿತು. ನಾಲ್ಕೂ ಮೆಟ್ಟಿಲು ನಿಘಂಟಿನಲ್ಲೇ ಇವೆ, ಧೂಳಿನ ಕಥೆ ಬೇಕಿಲ್ಲ.

ಇಷ್ಟಕ್ಕೇ ನಿಲ್ಲಬೇಡಿ, ಧ್ವನಿಯನ್ನೂ ನೋಡಿ. ಅರಬ್ಬಿಯಲ್ಲಿ ಇದು ‘ರಿದಾ’ ಎಂಬಂತೆ ಕೇಳುವ, ಗಡಸಾದ ಒಂದು ದಕಾರವಿರುವ ಪದ. ಅದೇ ಅಕ್ಷರವನ್ನು ಪಾರಸಿಯವರು ಇಂಗ್ಲಿಷಿನ ‘ಜೆಡ್’ ಧ್ವನಿಯಲ್ಲಿ ಆಡಿದರು. ಆ ಧ್ವನಿಗೆ ನಮ್ಮಲ್ಲಿ ಅಕ್ಷರವಿಲ್ಲದ್ದರಿಂದ ಕನ್ನಡದಲ್ಲಿ ಜಕಾರವಾಯಿತು. ಮಕ್ಕಳಿಗೆ ‘ರಮದಾನ್’ ಮತ್ತು ‘ರಂಜಾನ್’ ಎರಡನ್ನೂ ಕೇಳಿ ಗೊತ್ತಿರುತ್ತದೆ. ಅದೇ ಅಕ್ಷರ, ಅದೇ ಬದಲಾವಣೆ. ಅರ್ಜಿ, ಜಿಲ್ಲೆ, ಕಾಜಿ, ಹಾಜರು, ಈ ನಾಲ್ಕರ ಅರಬ್ಬಿ ಮೂಲದಲ್ಲೂ ಇದೇ ಅಕ್ಷರವಿದೆ. ಬೆಳಗ್ಗೆ ಹಾಜರಿ ಕೂಗುವಾಗ ‘ಹಾಜರ್’ ಎನ್ನುವುದೂ ರಜೆಗೆ ಅರ್ಜಿ ಬರೆಯುವುದೂ ಒಂದೇ ದಾರಿಯಿಂದ ಬಂದ ಪದಗಳಲ್ಲಿ ಎಂದು ತಿಳಿದಾಗ ತರಗತಿಯ ಮುಖಗಳನ್ನು ನೀವು ನೋಡಬೇಕು.

## ಹಂತ 6: ಮೂರು ಪ್ರಶ್ನೆಗಳ ಪರೀಕ್ಷೆ

ಸಿಕ್ಕ ಉತ್ತರವನ್ನು ಈ ಮೂರರ ಮುಂದೆ ನಿಲ್ಲಿಸಬೇಕು. ಧ್ವನಿಯ ಬದಲಾವಣೆಗೆ ಇನ್ನೆರಡು ಉದಾಹರಣೆ ಇವೆಯೇ? ಅರ್ಥ ಒಂದರಿಂದ ಇನ್ನೊಂದಕ್ಕೆ ಹೋದ ಮೆಟ್ಟಿಲುಗಳು ಕಾಣುತ್ತವೆಯೇ? ಕಾಲ ಮತ್ತು ದಾರಿ ಹೊಂದುತ್ತವೆಯೇ?

ಮೂರನೆಯ ಪ್ರಶ್ನೆಯನ್ನು ಮಕ್ಕಳು ಮರೆಯುತ್ತಾರೆ. ಬೆಂದಕಾಳೂರಿನ ಕಥೆ ಬೀಳುವುದು ಅದರಲ್ಲೇ. ಬೇಟೆಗೆ ಬಂದು ದಾರಿ ತಪ್ಪಿದ ಹೊಯ್ಸಳ ದೊರೆ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು ಎನ್ನುತ್ತದೆ ಕಥೆ. ಎರಡನೆಯ ವೀರಬಲ್ಲಾಳ ಆಳಿದ್ದು 12ನೇ ಶತಮಾನದ ಕೊನೆಯಲ್ಲಿ. ಆದರೆ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು 890ರ ಗಂಗರ ಕಾಲದ ವೀರಗಲ್ಲಿನ ಶಾಸನದಲ್ಲಿ ‘ಬೆಂಗಳೂರು’ ಎಂಬ ಹೆಸರು ಆಗಲೇ ಇದೆ. ದೊರೆ ಹುಟ್ಟುವುದಕ್ಕೂ ಇನ್ನೂರು ವರ್ಷಕ್ಕಿಂತ ಮೊದಲೇ ಊರಿಗೆ ಹೆಸರಿತ್ತು. ಈ ಎರಡು ಇಸವಿಗಳನ್ನು ಹಲಗೆಯ ಮೇಲೆ ಬರೆದು ಮಕ್ಕಳನ್ನೇ ತೀರ್ಮಾನಿಸಲು ಬಿಡಿ.

## ಹಂತ 7: ಈಗ ಸಾಮಾನ್ಯ ಹುಡುಕಾಟ

ನಿಘಂಟುಗಳಲ್ಲಿ ಕಂಡದ್ದು ಪುಸ್ತಕದಲ್ಲಿ ಬರೆದಾದ ಮೇಲೆ ಗೂಗಲ್, ವಿಕ್ಷನರಿ ಏನನ್ನಾದರೂ ನೋಡಬಹುದು. ವಿಕ್ಷನರಿಯಲ್ಲಿ ಒಳ್ಳೆಯ ಕೆಲಸ ಬಹಳ ಇದೆ. ಅಲ್ಲಿ ಯಾವ ನಿಘಂಟನ್ನು ಆಧಾರವಾಗಿ ಹೇಳಿದ್ದಾರೆ ನೋಡಿ, ಆ ನಿಘಂಟಿಗೇ ಹೋಗಿ ಓದಲು ಹೇಳಿ.

ಮಾತನಾಡುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳನ್ನು ಮಕ್ಕಳು ಬಳಸುತ್ತಾರೆ, ತಡೆಯಲಾಗುವುದಿಲ್ಲ. ನನ್ನ ನಿಯಮ ಒಂದೇ: ಅದು ಕೊಟ್ಟ ಉತ್ತರ ಊಹೆಯ ಸಾಲಿನಲ್ಲಿ ಕೂರಬಹುದು, ಆಧಾರದ ಸಾಲಿನಲ್ಲಿ ಕೂಡದು. ಅದು ಹೇಳಿದ ಮೂಲಪದ ನಿಜವಾದ ನಿಘಂಟಿನ ಪುಟದಲ್ಲಿ ಸಿಗಬೇಕು. ಇಲ್ಲದ ಸಂಸ್ಕೃತ ಧಾತುವನ್ನು ಅದು ಅಷ್ಟೇ ಧೈರ್ಯದಿಂದ ಹೇಳಿದ್ದನ್ನು ನಾನು ಕಂಡಿದ್ದೇನೆ.

ಈ ಚಿಹ್ನೆಗಳು ಕಂಡರೆ ಮಕ್ಕಳು ಕೈ ಎತ್ತಬೇಕು ಎಂದು ಹೇಳಿಡಿ:

- ವಿವರಣೆಯಲ್ಲಿ ರಾಜ, ಅಜ್ಜಿ, ಋಷಿ ಅಥವಾ ಬ್ರಿಟಿಷ್ ಅಧಿಕಾರಿ ಬಂದಿದ್ದಾರೆ.
- ಪದದ ಒಂದೊಂದು ಅಕ್ಷರಕ್ಕೂ ಒಂದೊಂದು ಅರ್ಥ ಕೊಟ್ಟಿದ್ದಾರೆ.
- ಎರಡು ದೂರದ ಭಾಷೆಗಳ ಪದಗಳು ಒಂದೇ ರೀತಿ ಕೇಳುತ್ತವೆ ಎಂಬುದು ಬಿಟ್ಟರೆ ಬೇರೆ ಆಧಾರವಿಲ್ಲ.
- ಯಾವುದೋ ಒಂದು ಭಾಷೆಯೇ ಎಲ್ಲಕ್ಕೂ ತಾಯಿ ಎಂದು ತೋರಿಸಲು ಪುಟ ಬರೆದಂತಿದೆ.
- ಹತ್ತು ತಾಣಗಳಲ್ಲಿ ಒಂದೇ ವಾಕ್ಯವಿದೆ. ಅವು ಹತ್ತು ಸಾಕ್ಷಿಗಳಲ್ಲ, ಒಂದರ ನಕಲುಗಳು.

## ಹಂತ 8: ಬರೆಯಿಸುವುದು ಮತ್ತು ಅಂಕ ಕೊಡುವುದು

ಪ್ರತಿ ಪದಕ್ಕೆ ಒಂದು ಪುಟ. ಮೇಲೆ ಪದ ಮತ್ತು ಮೊದಲ ಊಹೆ. ಕೆಳಗೆ ಯಾವ ನಿಘಂಟು, ಯಾವ ಪುಟ ಅಥವಾ ಯಾವ ನಮೂದು, ಅಲ್ಲಿ ಏನಿತ್ತು. ಏನೂ ಸಿಗದ ನಿಘಂಟುಗಳ ಹೆಸರೂ ಇರಲಿ. ಆಮೇಲೆ ಮೂರು ಪ್ರಶ್ನೆಗಳಿಗೆ ಉತ್ತರ. ಕೊನೆಯ ಸಾಲಿನಲ್ಲಿ ‘ಖಚಿತ’, ‘ಇರಬಹುದು’, ‘ತಿಳಿಯಲಿಲ್ಲ’ ಎಂಬ ಮೂರರಲ್ಲಿ ಒಂದು.

ಅಂಕವನ್ನು ದಾರಿಗೆ ಕೊಡಿ. ಸರಿಯಾದ ಮೂಲ ಬರೆದು ಆಧಾರ ತೋರಿಸದವರಿಗಿಂತ, ‘ತಿಳಿಯಲಿಲ್ಲ’ ಎಂದು ಬರೆದು ನಾಲ್ಕು ನಿಘಂಟು ನೋಡಿದ್ದನ್ನು ತೋರಿಸಿದವರಿಗೆ ಹೆಚ್ಚು ಅಂಕ ಸಿಗಬೇಕು. ಇದನ್ನು ಮೊದಲ ದಿನವೇ ಹೇಳಿ. ಹೇಳದಿದ್ದರೆ ಮಕ್ಕಳು ಭಯಕ್ಕೆ ಯಾವುದೋ ಒಂದು ಉತ್ತರವನ್ನು ತಂದೇ ತರುತ್ತಾರೆ.

ಚುರುಕಾದ ಗುಂಪಿಗೆ ಕೊನೆಯಲ್ಲಿ ‘ಮೇಜು’ ಕೊಡಿ. ಪಾರಸಿಯಲ್ಲಿ ‘ಮೇಜ್’ ಇದೆ. ಪೋರ್ಚುಗೀಸಿನಲ್ಲಿ ‘ಮೆಸ’ ಎಂದು ಬರೆಯುವ ಪದವನ್ನು ಇಂದು ‘ಮೇಜ’ ಎಂಬಂತೆಯೇ ಉಚ್ಚರಿಸುತ್ತಾರೆ. ಎರಡರ ಅರ್ಥವೂ ಒಂದೇ, ಎರಡೂ ಭಾಷೆಗಳ ಸಂಪರ್ಕ ನಮ್ಮ ನಾಡಿಗಿತ್ತು. ಮೂರು ಪ್ರಶ್ನೆಗಳನ್ನೂ ಎರಡೂ ದಾಟುತ್ತವೆ. ಕಳೆದ ಸಲ ನನ್ನ ತರಗತಿಯ ಒಂದು ಗುಂಪು ಎರಡು ದಿನ ವಾದ ಮಾಡಿ, ಎರಡು ಮೂಲಗಳನ್ನೂ ಅಕ್ಕಪಕ್ಕ ಬರೆದು, ಕೆಳಗೆ ‘ಇರಬಹುದು, ಇರಬಹುದು’ ಎಂದು ಎರಡು ಸಲ ಬರೆಯಿತು. ಪೂರ್ಣ ಅಂಕ ಕೊಟ್ಟೆ.